ಅಣ್ಣಮ್ಮನ ಕದನವಿರಾಮ

ಬಾಗೂರಿನಿಂದ ಇನ್ನಷ್ಟು ಒಳಗೆ ಹೋದರೆ ಸಿಗುವ ಸಣ್ಣ ಊರೊಂದರಲ್ಲಿ ಅಣ್ಣಮ್ಮ ಶಾಲೆಯ ಬಿಸಿಯೂಟದ ಅಡುಗೆ ಮಾಡುತ್ತಾಳೆ. ಮನೆಯ ಹಿಂದೆ ಅವಳದ್ದೊಂದು ಹೂವಿನ ತೋಟವಿದೆ. ತೋಟ ತನ್ನದೆಂದು ಅವಳು ಹೇಳುವುದು. ನವಿಲು, ಕೋತಿ, ಮುಳ್ಳುಹಂದಿಗಳ ಅಭಿಪ್ರಾಯ ಬೇರೆ. ಸೇವಂತಿಗೆ ಸಸಿ ನೆಟ್ಟ ಮರುದಿನವೇ ನವಿಲು ಬಂದು ಸಾಲು ತಪ್ಪದಂತೆ ಕುಕ್ಕಿ ಹೋಗುತ್ತದೆ. ದಾಸವಾಳ ಅರಳುವ ಮೊದಲೇ ಕೋತಿಗಳ ಪಾಲು. ಸುಗಂಧರಾಜದ ಗಡ್ಡೆಯನ್ನು ಮುಳ್ಳುಹಂದಿ ಬಗೆದು ತಿಂದು, ಬದಲಿಗೆ ಒಂದೆರಡು ಮುಳ್ಳು ಬಿಟ್ಟು ಹೋಗುತ್ತದೆ. ಆ ಮುಳ್ಳನ್ನು ಅಣ್ಣಮ್ಮ ಬೈತಲೆ ತೆಗೆಯಲು ಇಟ್ಟುಕೊಂಡಿದ್ದಾಳೆ.

ಇವರನ್ನೆಲ್ಲ ಹೊಡೆದೋಡಿಸಲು ಧರ್ಮಸಂಕಟವೂ ಇತ್ತು. ನವಿಲು ಸುಬ್ಬಪ್ಪನ ವಾಹನ, ಕೋತಿ ಆಂಜನೇಯನ ಕಡೆಯದು. ನಡುಮನೆಯ ಗೋಡೆಯ ಮೇಲಿನ ಪಟದ ಬುದ್ಧನಂತೂ ಇದೊಂದನ್ನೂ ನೋಡಲಾರೆನೆಂಬಂತೆ ಕಣ್ಣು ಮುಚ್ಚಿ ಕೂತಿದ್ದ. ಅಣ್ಣಮ್ಮ ಆದರೂ ಹೊಡೆಯುತ್ತಿದ್ದಳು. ಮಣ್ಣಿನ ಹೆಂಟೆ, ಚಪ್ಪಲಿ, ಒಮ್ಮೆ ಸಾರಿನ ಸೌಟು. ಇಷ್ಟು ವರ್ಷದಲ್ಲಿ ಒಂದೂ ಗುರಿ ಮುಟ್ಟಿದ್ದಿಲ್ಲ. ತೋಟದ ಸುತ್ತ ತನ್ನ ಹಳೇ ಸೀರೆಗಳನ್ನೆಲ್ಲ ಕಟ್ಟಿ ಬೇಲಿ ಮಾಡಿದ್ದಳು. ಕೋತಿಗಳು ಅದರಲ್ಲಿ ಉಯ್ಯಾಲೆ ಆಡುತ್ತಿದ್ದವು.

ಹೀಗಿರುವಾಗ ಅರಕಲಗೂಡಿನಿಂದ ಮಗಳು ಸ್ಮಿತಾ ಫೋನ್ ಮಾಡಿ, ಮತ್ತೆ ಬಸಿರು ನಿಂತಿದೆ ಎಂದಳು. ಮೊದಲನೆಯದು ನಾಲ್ಕನೇ ತಿಂಗಳಲ್ಲಿ ಹೋಗಿತ್ತು. ಆಗ ಸ್ಮಿತಾ ತವರಿಗೆ ಬಂದು ಗೋಡೆಯ ಕಡೆ ಮುಖ ಮಾಡಿ ಮಲಗಿದ್ದನ್ನು ನೋಡಿದ ಮೇಲೆ ಅಣ್ಣಮ್ಮನಿಗೆ ಈ ಲೋಕದಲ್ಲಿ ಯಾವುದರ ಮೇಲೂ ಪೂರ್ತಿ ಭರವಸೆ ಇರಲಿಲ್ಲ. ಫೋನಿನಲ್ಲಿ "ಒಳ್ಳೇದಾಯ್ತು ಕಣವ್ವ, ಭಾರ ಎತ್ತಬ್ಯಾಡ" ಎಂದಷ್ಟೇ ಹೇಳಿದಳು. ಫೋನ್ ಇಟ್ಟು ಅಡುಗೆಮನೆಯಲ್ಲಿ ಕೂತು ಅತ್ತಳು.

ಬಸುರಿಯ ಗಂಡ ಯಾವ ಜೀವವನ್ನೂ ಹೊಡೆಯಬಾರದು, ಹಾವು ಕಂಡರೂ ಬಿಟ್ಟುಬಿಡಬೇಕು ಎಂಬ ಪದ್ಧತಿ ಆ ಕಡೆ ಇದೆ. ಅಳಿಯ ರವೀಶ ವಿದ್ಯುತ್ ಇಲಾಖೆಯ ಲೈನ್‌ಮ್ಯಾನ್. ಕಂಬ ಹತ್ತುವಾಗ ಇರುವೆಯನ್ನೂ ಕೈಯಿಂದ ಒರೆಸದೆ ಊದಿ ಕಳಿಸುವಷ್ಟು ಅವನು ಪಾಲಿಸಿದ. ಪದ್ಧತಿಯಲ್ಲಿ ಅತ್ತೆಯ ಮಾತೇನೂ ಇಲ್ಲ. ಅಣ್ಣಮ್ಮನೇ ತನ್ನನ್ನೂ ಅದರೊಳಗೆ ಸೇರಿಸಿಕೊಂಡಳು. ಹೆರಿಗೆ ಆಗುವ ತನಕ ಒಂದು ಹೆಂಟೆಯನ್ನೂ ಎಸೆಯುವುದಿಲ್ಲವೆಂದು ಗಂಡ ಚೆಲುವಯ್ಯನ ಎದುರು ಹೇಳಿದಳು.

"ಗಿಡಗಳ ಗತಿ?" ಎಂದ ಚೆಲುವಯ್ಯ.

"ತಿನ್ಲಿ ಬುಡು."

ಯಾರು ಸುದ್ದಿ ಮುಟ್ಟಿಸಿದರೋ, ಮರುವಾರದಿಂದ ನವಿಲು ತನ್ನ ಸಂಸಾರವನ್ನೂ ಕರೆತರತೊಡಗಿತು. ಅಣ್ಣಮ್ಮ ಹಿತ್ತಿಲ ಬಾಗಿಲಲ್ಲಿ ಕೈಕಟ್ಟಿ ನಿಂತು, "ತಿನ್ನಪ್ಪ, ತಿನ್ನು. ಬುಡದಿಂದ್ಲೇ ತಿನ್ನು" ಎನ್ನುತ್ತಿದ್ದಳು. ಹೇಳುವಾಗ ಹಲ್ಲು ಕಚ್ಚಿರುತ್ತಿದ್ದಳು. ಆ ವರ್ಷ ಸೇವಂತಿಗೆ ಬರಲಿಲ್ಲ. ಸುಗಂಧರಾಜದ ಪಾತಿ ಇದ್ದ ಕಡೆ ಗುಂಡಿಗಳಿದ್ದವು. ಅವಳು ಆಸೆ ಬಿಡದೆ ನೀರು ಹಾಕಿದ್ದು ಮಲ್ಲಿಗೆಗೆ ಮಾತ್ರ.

ಮಲ್ಲಿಗೆಯ ವಿಷಯವೇ ಬೇರೆ. ಅಣ್ಣಮ್ಮನ ಸೀಮಂತದಲ್ಲಿ ಅವಳ ತಾಯಿಗೆ ಮೊಗ್ಗಿನ ಜಡೆ ಹಾಕಿಸಲು ಆಗಿರಲಿಲ್ಲ. ಪಕ್ಕದ ಮನೆಯವರು ಕಾಗದದ ಹೂವಿನ ಜಡೆಯೊಂದನ್ನು ಕೊಟ್ಟಿದ್ದರು. ಆರತಿ ಮುಗಿದ ಕೂಡಲೆ, ಸಾರು ತಾಗೀತೆಂದು, ಊಟಕ್ಕೆ ಕೂರುವ ಮೊದಲೇ ಬಿಚ್ಚಿಕೊಂಡು ಹೋದರು. ಬೋಳು ಜಡೆಯಲ್ಲಿ ಪಾಯಸ ಉಂಡದ್ದನ್ನು ಅಣ್ಣಮ್ಮ ಮರೆತಿಲ್ಲ. ಸ್ಮಿತಾ ಹೈಸ್ಕೂಲಿಗೆ ಸೇರಿದ ವರ್ಷ ಚಪ್ಪರ ಹಾಕಿ ಮಲ್ಲಿಗೆ ಬಳ್ಳಿ ಹಬ್ಬಿಸಿದ್ದು ಅದಕ್ಕೇ. ಮಗಳ ಜಡೆಗೆ ಅಂಗಡಿಯ ಮೊಗ್ಗು ಒಂದೂ ಬೀಳಬಾರದು.

ಸೀಮಂತ ಏಪ್ರಿಲ್‌ಗೆ ಗೊತ್ತಾಯಿತು. ಬಳ್ಳಿ ಮೈತುಂಬ ಮೊಗ್ಗು ಬಿಟ್ಟಿತು. ಆಗಲೇ ಒಂದು ಜೋಡಿ ಪಿಕಳಾರ, ತಲೆಯ ಮೇಲೆ ಜುಟ್ಟಿರುವ ಹಕ್ಕಿಗಳು, ಊರಿನಲ್ಲಿ ಬೇರೆ ಗಿಡವೇ ಇಲ್ಲದಂತೆ ಆ ಬಳ್ಳಿಯ ನಟ್ಟನಡುವೆ ಗೂಡು ಕಟ್ಟಿ ಮರಿ ಮಾಡಿದವು. ಅಣ್ಣಮ್ಮ ಮೊಗ್ಗಿಗೆ ಕೈ ಚಾಚಿದರೆ ಎರಡೂ ಸೇರಿ ಬಾಯಿ ಬಡಿದುಕೊಳ್ಳುತ್ತಿದ್ದವು.

"ಗೂಡ್ನ ಮೆಲ್ಲಗೆ ತೆಗ್ದು ನುಗ್ಗೆ ಮರದ ಮ್ಯಾಲೆ ಮಡಗ್ತೀನಿ ಕಣೆ, ಅದ್ಕೇನು" ಎಂದ ಚೆಲುವಯ್ಯ.

"ಮುಟ್ಟುದ್ರೆ ನೋಡಿ."

ಅವಳಿಗೆ ಹೆದರಿಕೆಯಿತ್ತು. ಮಗಳ ಹೊಟ್ಟೆಯಲ್ಲಿ ಮಗು ಇರುವಾಗ ಗೂಡಿನಲ್ಲಿದ್ದ ಮರಿ ಕೆಳಗೆ ಬಿದ್ದರೆ ಏನಾದೀತು ಎಂಬ ಮಾತನ್ನು ಅವಳು ಬಾಯಿಬಿಟ್ಟು ಹೇಳಲಿಲ್ಲ. ಹೇಳಿದರೆ ಅದೇ ಅಪಶಕುನ. ನಡುವಿನ ಮೊಗ್ಗೆಲ್ಲ ಹಕ್ಕಿಗೆ, ಅಂಚಿನದು ಮಗಳಿಗೆ ಎಂದು ಪಾಲು ಮಾಡಿದಳು. ಅಂಚಿನದೇ ಒಂದು ಜಡೆಗೆ ಸಾಕಾಗುತ್ತಿತ್ತು.

ಸೀಮಂತದ ಹಿಂದಿನ ದಿನ ಇಳಿಹೊತ್ತಿನಲ್ಲಿ ಅಣ್ಣಮ್ಮ ಸ್ಟೂಲು ಹತ್ತಿ ಒಂದು ಪುಟ್ಟಿ ತುಂಬ ಮೊಗ್ಗು ಬಿಡಿಸಿ ಕೆಳಗಿಟ್ಟಳು. ಅಷ್ಟರಲ್ಲಿ ಕೋತಿಗಳು ಬಂದವು. ಗಡವ ಕೋತಿಯೊಂದು ಪುಟ್ಟಿಯ ಕಡೆ ನಡೆಯಿತು. ಇನ್ನೊಂದು ಚಪ್ಪರ ಹತ್ತಿ, ಮರಿಗಳ ಸದ್ದು ಬಂದ ಕಡೆ ಕೈ ಹಾಕಿತು. ಕೋತಿ ಮೊಟ್ಟೆ, ಮರಿ ಯಾವುದನ್ನೂ ಬಿಡುವುದಿಲ್ಲವೆಂದು ಅಣ್ಣಮ್ಮನಿಗೆ ಗೊತ್ತಿತ್ತು. ಪುಟ್ಟಿ ಒಂದು ಹೆಜ್ಜೆ ದೂರದಲ್ಲಿತ್ತು. ಬಗ್ಗಿದ್ದರೆ ಸಿಗುತ್ತಿತ್ತು.

ಅವಳು ಬಗ್ಗಲಿಲ್ಲ. ಸ್ಟೂಲಿನ ಮೇಲೆ ನಿಂತೇ ಬಳ್ಳಿಯನ್ನು ಗೂಡಿನ ಸಮೇತ ಎರಡೂ ಕೈಯಲ್ಲಿ ತಬ್ಬಿಕೊಂಡಳು. ಕೋತಿ ಹಲ್ಲು ಕಿರಿಯಿತು. ಅಣ್ಣಮ್ಮನೂ ಕಿರಿದಳು. ಪಿಕಳಾರಗಳು ಉಪಕಾರ ತಿಳಿಯದೆ ಅವಳ ತಲೆಯನ್ನೇ ಕುಕ್ಕಿದವು. ಕೊನೆಗೆ ಕೋತಿ ಬೇಸತ್ತು ಇಳಿದು ಹೋಯಿತು. ಗಡವ ಅಷ್ಟರಲ್ಲಿ ಪುಟ್ಟಿಯೊಂದಿಗೆ ತೆಂಗಿನ ಮರ ಏರಿ, ಮೊಗ್ಗನ್ನು ಮುಕ್ಕಿ ನೋಡಿ, ಹಿಡಿಸದೆ, ಶೀಟಿನ ಮೇಲೆ, ತಿಪ್ಪೆಯ ಮೇಲೆ, ಪಕ್ಕದ ಮನೆಯ ಎಮ್ಮೆಯ ಮೇಲೆ ಸುರಿಯಿತು.

ಅಣ್ಣಮ್ಮ ಸ್ಟೂಲಿನಿಂದಿಳಿದು ನೆಲದ ಮೇಲೆ ಕೂತುಬಿಟ್ಟಳು. ಆಮೇಲೆ ಅಳಿಯನಿಗೆ ಫೋನ್ ಮಾಡಿ, "ರವೀಸಪ್ಪ, ನಾಳಿಕ್ ಬರ್ವಾಗ ಒಳೆನರಸೀಪುರದಲ್ಲಿ ಒಂದ್ ಮೊಗ್ಗಿನ ಜಡೆ ತಗಂಬಾರಪ್ಪ" ಎಂದಳು. ಅವನು ಯಾಕೆಂದು ಕೇಳಲಿಲ್ಲ. ಅದಕ್ಕಾಗಿ ಅವನ ಮೇಲೆ ಅವಳಿಗೆ ಬಹಳ ಅಭಿಮಾನ ಬಂತು. ಚೆಲುವಯ್ಯ ಏಣಿ ಹಾಕಿ, ಶೀಟಿನ ಮೇಲೆ ಉಳಿದ ಮೊಗ್ಗನ್ನು ಆರಿಸಿ ಲೋಟವೊಂದರಲ್ಲಿ ತಂದುಕೊಟ್ಟ.

ಮರುದಿನ ಜಡೆ ಕಟ್ಟಲು ಬಂದ ಲಕ್ಷ್ಮಿದೇವಮ್ಮ ಮುಳ್ಳುಹಂದಿಯ ಮುಳ್ಳಿನಿಂದ ಸ್ಮಿತಾಳ ಬೈತಲೆ ತೆಗೆದು, ಅಂಗಡಿಯ ಜಡೆಯನ್ನು ಕೂದಲಿಗೆ ಹೊಲಿದಳು. ಸ್ಮಿತಾ ಕೈಯಲ್ಲಿ ಮುಟ್ಟಿ ನೋಡಿ, "ಅವ್ವ, ನಿನ್ ಮೊಗ್ಗೆಲ್ಲಿ?" ಎಂದಳು.

"ಕೋತಿ ಮುಡ್ಕಂಡೋಯ್ತು ಕಣವ್ವ."

ಸ್ಮಿತಾ ಹೊಟ್ಟೆ ಹಿಡಿದುಕೊಂಡು ನಕ್ಕಳು. ಮೊದಲನೆಯದು ಹೋದ ಮೇಲೆ ಅವಳು ಹಾಗೆ ನಕ್ಕದ್ದನ್ನು ಅಣ್ಣಮ್ಮ ನೋಡಿಯೇ ಇರಲಿಲ್ಲ. ಲೋಟದ ಮೊಗ್ಗು ಜಡೆಯ ನೆತ್ತಿಯಲ್ಲಿ ಒಂದು ಸುತ್ತಿಗೆ ಆಯಿತು. ಫೋಟೋದವನು ಬೆನ್ನ ಹಿಂದೆ ಕನ್ನಡಿ ಇಟ್ಟು ಮುಖ, ಜಡೆ ಎರಡೂ ಕಾಣುವಂತೆ ತೆಗೆದ. ಊಟಕ್ಕೆ ಕೂತಾಗಲೂ ಜಡೆಯನ್ನು ಯಾರೂ ಬಿಚ್ಚಿಕೊಳ್ಳಲಿಲ್ಲ. ಬಡಿಸುತ್ತಿದ್ದ ಅಣ್ಣಮ್ಮ ಅದನ್ನು ಮತ್ತೆ ಮತ್ತೆ ನೋಡಿದಳು.

ಸ್ಮಿತಾ ಬಾಣಂತನಕ್ಕೆಂದು ತವರಿನಲ್ಲೇ ಉಳಿದಳು. ಪಿಕಳಾರದ ಮರಿಗಳು ಹಾರಿಹೋದವು. ಮಗುವಿಗೆ ಮೆತ್ತನೆ ಬಟ್ಟೆಯಾಗಲೆಂದು ಹಳೇ ಸೀರೆ ಹುಡುಕಿದರೆ ಪೆಟ್ಟಿಗೆಯಲ್ಲಿ ಒಂದೂ ಇರಲಿಲ್ಲ. ಎಲ್ಲವೂ ಬೇಲಿಯಲ್ಲಿದ್ದವು. ಅಣ್ಣಮ್ಮ ಬೇಲಿ ಬಿಚ್ಚಿ, ಸೀರೆಗಳನ್ನು ಕುದಿಸಿ ಒಗೆದು ಮಡಿಸಿಟ್ಟಳು. ನವಿಲುಗಳಿಗೆ ಈಗ ಬೇಲಿಯಡಿ ಬಗ್ಗಿ ನುಗ್ಗುವ ತೊಂದರೆಯೂ ತಪ್ಪಿತು.

ಜೂನ್ ಕೊನೆಯಲ್ಲಿ ಹಾಸನದ ಆಸ್ಪತ್ರೆಯಲ್ಲಿ ಹೆಣ್ಣುಮಗು ಹುಟ್ಟಿತು. ತಾಯಿ, ಮಗು ಇಬ್ಬರೂ ಚೆನ್ನಾಗಿದ್ದರು. ಅಣ್ಣಮ್ಮ ಮಗುವನ್ನು ಎತ್ತಿಕೊಂಡು, ಅದರ ಬೆರಳುಗಳನ್ನೆಲ್ಲ ಬಿಡಿಸಿ ನೋಡಿ, ಮಗಳ ತಲೆ ಸವರಿದಳು. ಮರುದಿನ ಬೆಳಗ್ಗೆ ಮೊದಲ ಬಸ್ಸಿಗೆ, ಮಡಿಸಿಟ್ಟ ಸೀರೆಗಳನ್ನು ತರಲು ಊರಿಗೆ ಬಂದಳು.

ಹಿತ್ತಿಲಲ್ಲಿ ನವಿಲು ಹೊಸ ಸೇವಂತಿಗೆ ಸಸಿಗಳನ್ನು ತಿನ್ನುತ್ತಿತ್ತು. ಅಣ್ಣಮ್ಮ ಬಾಗಿಲು ತೆಗೆದರೂ ತಲೆ ಎತ್ತಲಿಲ್ಲ. ಅದಕ್ಕೆ ಅಭ್ಯಾಸವಾಗಿತ್ತು. ಅವಳು ಸೀರೆಗಳ ಗಂಟನ್ನು ಜಗಲಿಯ ಮೇಲಿಟ್ಟು, ಕಣ್ಣು ಒರೆಸಿಕೊಂಡು, ಒಂದು ಒಳ್ಳೆಯ ಹೆಂಟೆ ಆರಿಸಿ, ಸೆರಗು ಸಿಕ್ಕಿಸಿ, ಬೀಸಿ ಎಸೆದಳು. ಎಂದಿನಂತೆ ತಗುಲಲಿಲ್ಲ. ನವಿಲು ಮಾತು ತಪ್ಪಿದವರನ್ನು ನೋಡುವಂತೆ ಅವಳನ್ನು ನೋಡಿತು.

"ಇನ್ನೇನ್ ನೋಡ್ತೀಯಾ? ಎರ್ಗೆ ಆಯ್ತು, ಓಗು" ಎಂದಳು ಅಣ್ಣಮ್ಮ.