ಮಂಟಯ್ಯನ ಒಲೆಯ ಕೆಂಡ

ಸಾಯುವ ಹಿಂದಿನ ದಿನ ಮಂಟಯ್ಯ ಚೆನ್ನಾಗಿಯೇ ಇದ್ದ. ಎದ್ದವನೇ ಒಲೆಯ ಬೂದಿ ಕೆದಕಿದ, ಕೆಂಡ ಊದಿದ, ಬೀಡಿ ಹೊತ್ತಿಸಿದ. ಯುದ್ಧದ ಕಾಲ. ಚುಂಚನಕಟ್ಟೆಯ ಅಂಗಡಿಯಲ್ಲಿ ಬೆಂಕಿಪೊಟ್ಟಣ ಸಿಗುತ್ತಿರಲಿಲ್ಲ. ಕೆಂಡಕ್ಕೆ ಬೂದಿ ಮುಚ್ಚಿ ಬೆಳಗಿನವರೆಗೆ ಉಳಿಸುವುದು ಎಲ್ಲ ಮನೆಗಳಲ್ಲೂ ಹೆಂಗಸರ ಕೆಲಸ, ಆ ಮನೆಯಲ್ಲಿ ಮಾತ್ರ ಅವನದು. "ಎಂಡ್ತಿಗಿಂತ ಬೀಡೀನೇ ಎಚ್ಚು ಇವ್ನಿಗೆ" ಎಂದು ಕೇರಿಯವರು ನಗುತ್ತಿದ್ದರು.

ಬಾಗಿಲಲ್ಲಿ ಪೊನ್ನಮ್ಮ ಬಂದು ನಿಂತಳು. ಸೇಲಂ ಕಡೆಯಿಂದ ನಾಟಿ ಕೆಲಸಕ್ಕೆ ಬಂದು ನಾಲೆಯ ದಡದಲ್ಲಿ ಗುಡಿಸಲು ಹಾಕಿಕೊಂಡವರಲ್ಲಿ ಒಬ್ಬಳು. ಕೈಯಲ್ಲಿ ಒಡೆದ ಮಡಕೆಯ ಬೋಕಿ.

"ಅಕ್ಕಾ, ಕೊಂಚ ಬೆಂಕಿ."

ಮಂಟಯ್ಯನ ಹೆಂಡತಿ ಪುಟ್ಟಸಿದ್ದಮ್ಮ ಸೆರಗು ಸಿಕ್ಕಿಸಿದಳು. "ಇಲ್ಲ, ಓಗು. ನೀವು ಬಂದ ಮ್ಯಾಲೆ ಗೌಡ ನಮ್ ಕೂಲೀನೂ ಒರೆಸಿ ಅಳೀತಾವ್ನೆ."

ಮಾತು ನಿಜ. ಗದ್ದೆಯ ಒಡೆಯ ಚೆಲುವೇಗೌಡ ಮೊದಲು ಕೂಲಿಯ ರಾಗಿಯನ್ನು ಸೇರಿನ ಮೇಲೆ ಗೋಪುರ ನಿಲ್ಲುವಂತೆ ಅಳೆಯುತ್ತಿದ್ದ. ಹಸಿದು ಬಂದ ಸೇಲಂನವರು ಕೈಯಿಂದ ಒರೆಸಿದ ಸೇರಿಗೂ ಒಪ್ಪಿದರು. ಈಗ ಊರವರಿಗೂ ಅದೇ. ಪುಟ್ಟಸಿದ್ದಮ್ಮನ ಮನೆಯ ರಾತ್ರಿಯ ಮುದ್ದೆ ನಡೆಯುತ್ತಿದ್ದುದು ಆ ಗೋಪುರದ ರಾಗಿಯಲ್ಲಿ.

ಮಂಟಯ್ಯ ಹೊಗೆ ಬಿಟ್ಟ. "ನಿನ್ ತಮ್ಮ ಕೊಡಗಿನ ಕಾಪಿ ತೋಟಕ್ಕೆ ಓದ್ನಲ್ಲ, ಬೆಂಕೀನ ಜೇಬಲ್ಲಿ ಮಡಿಕ್ಕಂಡು ಓದ್ನಾ?"

"ಅವ್ನ್ ಮಾತು ಬ್ಯಾಡ. ನನ್ ಸೇರಿನ್ ಮಾತಾಡು."

"ಅದ್ನೂ ಆಡ್ತೀನಿ ಕಣಮ್ಮಿ." ಅವನು ಪೊನ್ನಮ್ಮನ ಕಡೆ ತಿರುಗಿದ. "ಕೆಂಡ ತಗೊ ತಾಯಿ. ಒರೆಸಿದ್ ಸೇರು ಮಾತ್ರ ಈಸ್ಕಬ್ಯಾಡ. ನೀವು ಈಸ್ಕಂಡ್ರೆ ನಮ್ ಒಟ್ಟೆಗೂ ಏಟು."

"ಗೌಡರು ಓಡಿಸಿದರೆ ಅಣ್ಣ?"

"ಎಲ್ಲಾರೂ ಬ್ಯಾಡ ಅಂದ್ರೆ ಯಾರ್ನ ಓಡುಸ್ತಾನೆ? ಆ ಒಟ್ಟೆ ಒತ್ಕಂಡು ಅವ್ನೇ ಕೆಸರಿಗೆ ಬಗ್ತಾನಾ?"

ಪುಟ್ಟಸಿದ್ದಮ್ಮನಿಗೆ ನಗು ಬಂತು. ನಕ್ಕ ಮೇಲೆ ಜಗಳ ಮುಂದುವರಿಸುವುದು ಕಷ್ಟ. ಬೋಕಿಗೆ ತಾನೇ ಒಂದು ಕೆಂಡ ಹಾಕಿದಳು. ಚಿಕ್ಕದು.

ಸಂಜೆ ಗೌಡ ರಾಗಿ ಅಳೆಯಲು ಬಂದ. ಮಂಟಯ್ಯ ಕೂಲಿ ತುಂಬಿಸಿಕೊಳ್ಳುವ ಬುಟ್ಟಿಯನ್ನು ಬೋರಲು ಹಾಕಿ ಅದರ ಮೇಲೆ ಕುಳಿತ. ಕೇರಿಯವರೂ ಕುಳಿತರು. ಸೇಲಂನವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಪೊನ್ನಮ್ಮ ಮೊದಲು ಬುಟ್ಟಿ ಮಗುಚಿದಳು. ಉಳಿದವರೂ ಮಗುಚಿದರು.

"ಏನ್ಲಾ ಮಂಟ, ಕೋಳಿ ಕಾವು ಕೂತಂಗೆ ಕೂತಿದೀರಿ?"

"ಊ ಗೌಡ್ರೇ. ಗೋಪುರ ಮರಿ ಆಗ್ಲಿ ಅಂತ."

ಗೌಡ ಗದ್ದೆಯ ಕಡೆ ನೋಡಿದ. ನಾಳೆಯ ನಾಟಿಗೆ ಕಿತ್ತಿಟ್ಟ ಸಸಿ ಕಂತೆ ಕಂತೆಯಾಗಿ ಬಿದ್ದಿತ್ತು. ಬೈದುಕೊಂಡೇ ಸೇರಿನ ಮೇಲೆ ಗೋಪುರ ನಿಲ್ಲಿಸಿದ. ಊರವರಿಗೂ, ಬಂದವರಿಗೂ.

ಮರುದಿನ ಗದ್ದೆಯ ಬದುವಿನ ಮೇಲೆ ಹಾವು ಕಚ್ಚಿತು. ಮಧ್ಯಾಹ್ನಕ್ಕೆ ಮಂಟಯ್ಯ ಇಲ್ಲ.

ಸಾವಿನ ಮನೆಯಲ್ಲಿ ಒಲೆ ಹೊತ್ತಿಸುವುದಿಲ್ಲ. ನೆಂಟರು ಅನ್ನ ತಂದರು. ಕೆಂಡ ಆರಿತು. ಪುಟ್ಟಸಿದ್ದಮ್ಮ ಗಂಡ ಹೋದದ್ದಕ್ಕೆ ಅತ್ತದ್ದು ಒಂದು ಸಲ, ತಣ್ಣಗಾದ ಬೂದಿಗೆ ಕೈ ಹಾಕಿ ಅತ್ತದ್ದು ಇನ್ನೊಂದು ಸಲ.

ತಿಥಿ ಮುಗಿದ ಬೆಳಿಗ್ಗೆ ಪೊನ್ನಮ್ಮ ಬಂದಳು. ಅದೇ ಬೋಕಿ. ಒಳಗೆ ಕೆಂಡ.

"ಅಣ್ಣನ ಬೆಂಕಿ ಅಕ್ಕಾ. ಆರೋಕೆ ಬಿಟ್ಟಿಲ್ಲ."

ಪುಟ್ಟಸಿದ್ದಮ್ಮ ಅದನ್ನು ಒಲೆಗೆ ಹಾಕಿದಳು. ಊದಿದಳು. ಹೊತ್ತಿತು. ಹೊಗೆಗೆ ಇಬ್ಬರೂ ಕೆಮ್ಮಿದರು, ಕೆಮ್ಮಿಕೊಂಡೇ ನಕ್ಕರು.

ಪೊನ್ನಮ್ಮ ಊರಿನಲ್ಲೇ ಉಳಿದಳು. ಈಗ ಜಗಳಕ್ಕೂ ಕಡಿಮೆಯಿಲ್ಲ, ಅದೂ ಕನ್ನಡದಲ್ಲೇ. "ಇನ್ನೂ ಜನ ಬಂದ್ರೆ ದನ ಮೇಯೋಕೆ ನಾಲೆ ದಡ ಉಳ್ಯಾಕಿಲ್ಲ ಕಣೆ, ನಿಮ್ಮೋರ್ಗೆ ಯೋಳು" ಎಂದು ಪುಟ್ಟಸಿದ್ದಮ್ಮ ಇವತ್ತಿಗೂ ಅನ್ನುತ್ತಾಳೆ. ಅನ್ನುತ್ತಲೇ ಕೆಂಡ ಕೊಡುತ್ತಾಳೆ.

ಬೆಂಕಿಪೊಟ್ಟಣ ಮತ್ತೆ ಅಂಗಡಿಗೆ ಬಂದಿದೆ. ಆದರೂ ಬೆಳಿಗ್ಗೆ ಎದ್ದವಳೇ ಬೂದಿ ಕೆದಕುತ್ತಾಳೆ, ಊದುತ್ತಾಳೆ. ಮೊದಲ ಕೆಂಡ ಪೊನ್ನಮ್ಮನ ಬೋಕಿಗೆ. ದೊಡ್ಡದನ್ನೇ ಆರಿಸಿ ಹಾಕುತ್ತಾಳೆ.