ಲವಂಗ ಕೊಟ್ಟವಳು ನಾನು

ಸಿಂಧನೂರಿನ ಕಾಲೇಜು ಮೈದಾನದ ಪಕ್ಕ ಕಬಡ್ಡಿ ಹುಡುಗರಿಗೆ ಅಡುಗೆ ಮಾಡಿ ಹಾಕುವುದು ನನ್ನ ಕೆಲಸ. ಯಾರ ಹೊಟ್ಟೆ ಎಷ್ಟು ಎಂಬುದು ತಟ್ಟೆ ನೋಡಿದರೆ ನನಗೆ ತಿಳಿಯುತ್ತದೆ. ಮಸ್ಕಿಯ ಹುಡುಗನೊಬ್ಬ ನಾಲ್ಕು ರೊಟ್ಟಿ ಉಣ್ಣುವವನು. ಹೋದ ವರ್ಷ ಅವನಿಗೆ ಕಾಲೇಜಿನ ಕೊನೆಯ ವರ್ಷ. ವಿಶ್ವವಿದ್ಯಾಲಯದ ತಂಡಕ್ಕೆ ಆಯ್ಕೆಯಾದರೆ ಪೊಲೀಸ್ ಕೆಲಸಕ್ಕೆ ದಾರಿಯಾಗುತ್ತದೆ ಎಂದು ನಂಬಿದ್ದ. ಆಯ್ಕೆಗೆ ಮೂರು ತಿಂಗಳಿರುವಾಗ ಅವನ ತಟ್ಟೆಯಲ್ಲಿ ರೊಟ್ಟಿ ಉಳಿಯತೊಡಗಿತು.

ಒಂದು ದಿನ ಅವನ ಹಿಂದೆಯೇ ಹೋಗಿ ನೋಡಿದೆ. ನೀರಿನ ಟ್ಯಾಂಕಿನ ಮರೆಯಲ್ಲಿ ಕುಳಿತು ಸಿಗರೇಟು ಸೇದುತ್ತಿದ್ದ.

“ಸೇದಾಕ ಬಾಯಿ ಐತಿ, ಉಣ್ಣಾಕ ಇಲ್ಲೇನಲೇ?”

“ತೂಕ ಹೆಚ್ಚಾಗೇತಿ ಬೇ ಯಮ್ಮಾ. ಹೆಚ್ಚಿದ್ರ ಆಡಾಕ ಬಿಡಂಗಿಲ್ಲ. ಇದನ್ನ ಸೇದಿದ್ರ ಹಸಿವು ಸಾಯ್ತೈತಿ. ದೊಡ್ಡ ಹುಡುಗ್ರೆಲ್ಲ ಹಿಂಗ ಮಾಡ್ಯಾರ.”

“ನಿಮ್ಮ ಕಬಡ್ಡಿ ಸರ್‌ಗ ಗೊತ್ತಾದ್ರ?”

“ಬಾಯಿ ಮೂಸಿ ನೋಡ್ತಾರ. ವಾಸನಿ ಬಂದ್ರ ತಂಡದಾಗಿಂದ ತೆಗಿತಾರ. ಎರಡು ಲವಂಗ ಕೊಡು.”

ಬೈದೆ. ಬೈದು ಲವಂಗವನ್ನೂ ಕೊಟ್ಟೆ. ಆಮೇಲೆ ದಿನವೂ ಕೊಟ್ಟೆ. ತಂಡದಿಂದ ತೆಗೆದರೆ ಅವನ ಬಾಳು ಹೋಯಿತು ಎಂದಷ್ಟೇ ನನಗೆ ಹೊಳೆದದ್ದು. ಸಂಜೆ ಅಭ್ಯಾಸದಲ್ಲಿ ಅವನು ಕೆಮ್ಮುವುದು ಒಲೆಯ ಮುಂದೆ ಕೇಳಿಸುತ್ತಿತ್ತು. ಮೈದಾನದ ಧೂಳು ಎಂದುಕೊಂಡೆ. ಹಾಗೆ ಅಂದುಕೊಳ್ಳುವುದು ಸುಲಭವಿತ್ತು.

ಆಯ್ಕೆ ನಡೆದದ್ದು ಲಿಂಗಸುಗೂರಿನಲ್ಲಿ. ಬುತ್ತಿ ಕಟ್ಟಿಕೊಂಡು ನಾನೂ ಹೋದೆ. ತೂಕ ಸರಿಯಾಯಿತು. ಎದುರಿನವರ ಅಂಗಳಕ್ಕೆ ಹೋದವನು ಒಂದೇ ಉಸಿರಿನಲ್ಲಿ ಕಬಡ್ಡಿ ಕಬಡ್ಡಿ ಎನ್ನುತ್ತಲೇ ಇರಬೇಕು, ದನಿ ನಿಂತರೆ ಔಟು. ಮೊದಲ ಸಲ ಇಬ್ಬರನ್ನು ಮುಟ್ಟಿ ಬಂದ. ಎರಡನೆಯ ಸಲ ನಡುವೆ ಕೆಮ್ಮು ಬಂತು, ದನಿ ನಿಂತಿತು. ಮೂರನೆಯ ಸಲವೂ ಬಂತು. ಅವನನ್ನು ಯಾರೂ ಹಿಡಿಯಲೇ ಇಲ್ಲ. ಎದುರಿನವರು ಸುಮ್ಮನೆ ನಿಂತು ನೋಡಿದರು.

ಪಟ್ಟಿಯಲ್ಲಿ ಅವನ ಹೆಸರು ಬರಲಿಲ್ಲ. ಕೆಮ್ಮು ಕೇಳಿ ಅವರ ಸರ್‌ಗೆ ಅನುಮಾನ ಬಂದಿತ್ತು, ನನ್ನ ಬಳಿ ಬಂದರು.

“ಇಂವ ಸೇದತಿದ್ದದ್ದು ನಿನಗ ಗೊತ್ತಿತ್ತೇನು?”

“ಗೊತ್ತಿತ್ರಿ. ವಾಸನಿ ಮುಚ್ಚಾಕ ಲವಂಗ ಕೊಟ್ಟಾಕೀನೂ ನಾನೇ. ನೀವು ತೆಗೆದ ಹಾಕ್ತೀರಂತ ಅಂಜಿದ್ನಿ.”

“ತೆಗೀತಿದ್ನಿ. ಹದಿನೈದು ದಿನ ಹೊರಗ ಕುಂದ್ರಿಸಿ, ಸೇದೋದು ಬಿಡಿಸಿ, ತಿರುಗಿ ಕರ್ಕೊಂತಿದ್ನಿ. ಎಷ್ಟು ಹುಡುಗ್ರಿಗೆ ಹಂಗ ಮಾಡೀನಿ!”

ಹುಡುಗನೇ ನಡುವೆ ಬಂದ. “ಯಮ್ಮನ್ನ ಯಾಕ ಕೇಳ್ತೀರಿ ಸರ್? ಸೇದಿದಾಂವ ನಾನು.” ಅವನು ಬೈದಿದ್ದರೆ ಚೆನ್ನಾಗಿತ್ತು.

ಸಿಂಧನೂರಿಗೆ ಹಿಂದಿರುಗಲು ಬಸ್ಸು ಹತ್ತಿದೆವು. ದಾರಿಯಲ್ಲಿ ಅವನ ಊರು ಮಸ್ಕಿ ಬಂದಾಗ ಹುಡುಗ ಎದ್ದು ಇಳಿದ. ಚೀಲ ಸೀಟಿನಲ್ಲೇ ಬಿಟ್ಟಿದ್ದ, ಕಿಟಕಿಯಿಂದ ಕೊಟ್ಟೆ.

“ನಾಳೆ ಬರ್ತೀಯಿಲ್ಲಲೇ?”

“ಬಂದು ಏನ್ ಮಾಡ್ಲಿ ಬೇ?”

ಬಸ್ಸು ಹೊರಟಿತು. ಏನಾದರೂ ಹೇಳಬೇಕಿತ್ತು.