ನೀರಿನ ಫೋಟೊ ತೆಗೆಯುತ್ತಿದ್ದ ಸುಬ್ರಾಯಣ್ಣ

ಕುಮಟೆಯ ಕಡಲತೀರದಲ್ಲಿ ಒದ್ದೆ ಮರಳಿನ ಮೇಲೆ ಬೋರಲು ಮಲಗಿ, ಸಮುದ್ರಕ್ಕೆ "ಸ್ವಲ್ಪ ತಡಿ ಮಾರಾಯ" ಎಂದವರನ್ನು ನಾನು ಕಂಡಿದ್ದೇನೆ. ಅವರು ಸುಬ್ರಾಯಣ್ಣ. ಶಿರಸಿಯ ಬಸ್‌ಸ್ಟ್ಯಾಂಡ್ ಹತ್ತಿರ ಅವರದೊಂದು ಪುಟ್ಟ ಸ್ಟುಡಿಯೊ ಇತ್ತು.

ಪಾಸ್‌ಪೋರ್ಟ್ ಫೋಟೊ, ಮದುವೆ, ಉಪನಯನ ಅವರ ಹೊಟ್ಟೆಪಾಡು. ಬಿಡುವಾದರೆ ಘಟ್ಟ ಇಳಿದು ಕಡಲಿಗೆ ಹೋಗುತ್ತಿದ್ದರು. ತೆಗೆಯುತ್ತಿದ್ದುದು ಸೂರ್ಯಾಸ್ತವನ್ನಲ್ಲ, ದೋಣಿಯನ್ನಲ್ಲ. ತೆಳ್ಳಗಿನ ನೀರಿನಲ್ಲಿ ಬೆಳಕು ಹೆಣೆಯುವ ಬಲೆಯನ್ನು, ಅಲೆ ಸರಿದ ಮೇಲೆ ಮರಳಲ್ಲಿ ಹೊಳೆಯುವ ಗೆರೆಗಳನ್ನು. ಸ್ಟುಡಿಯೊದ ಗೋಡೆ ತುಂಬ ಅವೇ. ಬಂದವರಲ್ಲಿ ಒಬ್ಬರು ಹಾವಿನ ಪೊರೆ ಎನ್ನುವರು, ಇನ್ನೊಬ್ಬರು ರೇಷ್ಮೆ ಸೀರೆ ಎನ್ನುವರು.

"ನಿಂಗೆ ಎಂತ ಕಾಣ್ತು, ಅದೇ ಸೈ" ಎಂದು ಸುಬ್ರಾಯಣ್ಣ ಖುಷಿಪಡುತ್ತಿದ್ದರು. "ಮನುಷ್ಯರಿಗಾದ್ರೆ 'ನಗು' ಹೇಳಿ ಹೇಳವು. ನೀರಿಗೆ ಆ ಕಾಟ ಇಲ್ಲೆ."

ನನ್ನ ಮದುವೆ ಯಲ್ಲಾಪುರದ ಮಹೇಶನೊಂದಿಗೆ ನಿಶ್ಚಯವಾದಾಗ, ಮದುವೆಗೆ ಮುಂಚಿನ ಫೋಟೊಗೆಂದು ಸುಬ್ರಾಯಣ್ಣ ನಮ್ಮಿಬ್ಬರನ್ನು ಕುಮಟೆಗೆ ಕರೆದೊಯ್ದರು. ನನಗೆ ಮನಸ್ಸು ಅರ್ಧವೇ ಇತ್ತು. ಹುಡುಗ ನಮ್ಮ ಮನೆಗೆ ಬಂದಾಗೆಲ್ಲ ಅವಲಕ್ಕಿ ತಿಂದು ಎದ್ದುಹೋಗಿದ್ದ, ಮಾತೇ ಇಲ್ಲ; ಮಾತೆಲ್ಲ ನನ್ನ ಸೋದರಮಾವನದೇ.

ನಾಲ್ಕು ಫೋಟೊ ತೆಗೆಯುವಷ್ಟರಲ್ಲಿ ಇಳಿಬಿಸಿಲು ನೀರಿನ ಮೇಲೆ ಬಿತ್ತು. "ಎರಡೇ ನಿಮಿಷ" ಎಂದ ಸುಬ್ರಾಯಣ್ಣ ಮರಳಿನ ಮೇಲೆ ಮಲಗಿಬಿಟ್ಟರು. ನಿಮಿಷಗಳು ಉದ್ದವಾದವು. ನನ್ನ ಹಸಿರು ಸೀರೆಯ ಅಂಚು ಒದ್ದೆಯಾಯಿತು.

"ಇವರನ್ನ ಗೊತ್ತು ಮಾಡಿದ್ದು ಯಾರು?" ಎಂದೆ ಸಿಟ್ಟಿನಿಂದ.

"ನಾನೇ" ಎಂದ ಮಹೇಶ. "ಅವರ ಗೋಡೆ ನೋಡಿ ಮರುಳಾಗಿದ್ದೆ."

"ಹಾಗಿದ್ರೆ ಮಾತು ಬರ್ತದೆ ನಿಮಗೆ."

"ಬರ್ತದೆ. ನಿಮ್ಮ ಮಾವ ಬಿಡ್ಬೇಕಲ್ಲ."

ನನಗೆ ನಗು ತಡೆಯಲಾಗಲಿಲ್ಲ. ಅವನು ನಗಲಿಲ್ಲ. "ನಿಮಗೆ ಮನಸ್ಸಿಲ್ಲದಿದ್ರೆ ಈಗಲೇ ಹೇಳಿ. ಬೇಡ ಅಂದಿದ್ದು ನಾನು ಅಂತ ಮನೆಯಲ್ಲಿ ಹೇಳ್ತೇನೆ. ನಿಮ್ಮ ಮೇಲೆ ಮಾತು ಬರೋದಿಲ್ಲ."

ಇಷ್ಟು ದಿನ ನನ್ನನ್ನು ಯಾರೂ ಕೇಳದಿದ್ದ ಪ್ರಶ್ನೆ ಅದು. ಆಮೇಲೆ ನಾವು ಕತ್ತಲಾಗುವವರೆಗೂ ಮಾತಾಡಿದೆವು. ಹಿಂದಿರುಗುವಾಗ ಕಾರಿನಲ್ಲಿ ನಾನೇ ಹೇಳಿದೆ, "ಮನೆಯಲ್ಲಿ ಏನೂ ಹೇಳೋದು ಬೇಡ."

ಆಲ್ಬಮ್ ಬಂತು. ಮೊದಲ ನಾಲ್ಕು ಪುಟ ಬಿಟ್ಟರೆ ಬರೀ ನೀರು. ಅಮ್ಮ ಸುಬ್ರಾಯಣ್ಣನನ್ನು ಕರೆಸಿ, "ಇದ್ರಲ್ಲಿ ಕೂಸು ಎಲ್ಲಿದ್ದು?" ಎಂದು ನನ್ನನ್ನು ತೋರಿಸಿ ಕೇಳಿದಳು. ಅವರು ಒಂದು ಪುಟದ ಮೇಲೆ ಬೆರಳಿಟ್ಟರು. ಅಲೆಯಲ್ಲಿ ಕಲಸಿಹೋದ ಒಂದು ಹಸಿರು, ಒಂದು ಬಿಳಿ. "ಈ ಹಸಿರು ಕೂಸು, ಈ ಬಿಳಿ ಮಾಣಿ. ಇಬ್ರಿಗೂ ಮಾತು ಹತ್ತಿತ್ತು. ಕರೆದು ಕೆಡ್ಸಲೆ ಮನಸ್ಸು ಬಂಜಿಲ್ಲೆ."

ಅಮ್ಮ ಆ ಪುಟವನ್ನು ಹತ್ತಿರ ಹಿಡಿದು ನೋಡಿದಳು. ನಮ್ಮ ಮನೆಯ ಗೋಡೆಯ ಮೇಲೆ ಈಗಲೂ ಇರುವ ಮದುವೆಯ ಫೋಟೊ ಅದೊಂದೇ.

ಹೋದ ವರ್ಷ ಸುಬ್ರಾಯಣ್ಣ ಸ್ಟುಡಿಯೊ ಮುಚ್ಚಿ, ಹೊನ್ನಾವರದಲ್ಲಿರುವ ತಂಗಿಯ ಮನೆಗೆ ಹೊರಟರು. ಬೀಳ್ಕೊಡಲು ನಾವಿಬ್ಬರೂ ಬಸ್‌ಸ್ಟ್ಯಾಂಡಿಗೆ ಹೋಗಿದ್ದೆವು. ಬೇಸರದ ಸುಳಿವೂ ಅವರ ಮುಖದಲ್ಲಿರಲಿಲ್ಲ. ಮಳೆ ನಿಂತು ಬಿಸಿಲು ಬಿದ್ದಿತ್ತು. ಕಂಡಕ್ಟರ್ ಸೀಟಿ ಊದಿದರೂ ಅವರು ಗುಂಡಿಯೊಂದರ ನೀರಿಗೆ ಕ್ಯಾಮೆರಾ ಹಿಡಿದು ಕುಕ್ಕರುಗಾಲಲ್ಲಿ ಕೂತಿದ್ದರು. ನಾವೇ ಎಬ್ಬಿಸಿ ಬಸ್ ಹತ್ತಿಸಿದೆವು. ಆಮೇಲೆ ಅವರನ್ನು ನೋಡಿಲ್ಲ.

ಬಸ್ಸು ಹೋದ ಮೇಲೆ ನಾನೂ ಆ ಗುಂಡಿಯನ್ನು ಬಗ್ಗಿ ನೋಡಿದೆ. ಎಣ್ಣೆ ಬಿದ್ದ ಕೊಚ್ಚೆನೀರು, ಅಷ್ಟೆ. ಮನೆಗೆ ಹೋಗೋಣವೆಂದು ತಿರುಗಿದರೆ, ಮಹೇಶ ಇನ್ನೂ ಬಗ್ಗಿಕೊಂಡೇ ಇದ್ದ.